ಹರಿಣಾಕ್ಷಿಯ ನಾಲ್ಕು ನೆಂಟರು

ಆಲೆಟ್ಟಿಯ ಹರಿಣಾಕ್ಷಿ ಇಪ್ಪತ್ತೆರಡು ವರ್ಷ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವಳು. ಅರುವತ್ತು ತುಂಬಿದ ದಿನ ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಮರುದಿನ ಸೌಟು ಬೇರೆಯವಳ ಕೈಯಲ್ಲಿತ್ತು. ಮದುವೆಯಾಗಿರಲಿಲ್ಲ, ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬಳೇ. ಆದರೂ ಮಧ್ಯಾಹ್ನದ ಊಟ ಮಕ್ಕಳ ಗಲಾಟೆಯ ನಡುವೆ ಆಗುತ್ತಿದ್ದುದರಿಂದ ಒಂಟಿತನ ಅವಳಿಗೆ ಗೊತ್ತೇ ಆಗಿರಲಿಲ್ಲ. ಈಗ ತಟ್ಟೆಯ ಮುಂದೆ ಕೂತರೆ ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದಳು. ಎದುರಿಗೆ ಒಬ್ಬರು ಕೂತು ಉಂಡರೆ ಸಾಕಿತ್ತು.

ಆರೋಗ್ಯ ಕೇಂದ್ರದ ನರ್ಸಮ್ಮ ಬಿಪಿ ನೋಡಿ, "ಮೀನು ತಿನ್ನಿ, ಒಳ್ಳೆದು. ಹುರಿಯುದು ಬೇಡ, ಉಪ್ಪು ಕಮ್ಮಿ ಮಾಡಿ" ಎಂದಿದ್ದರು. ಗುರುವಾರ ಬೆಳಿಗ್ಗೆ ಮೀನು ಮಾರುವ ಅದ್ದುವಿನ ಸ್ಕೂಟರ್ ಹಾರ್ನ್ ಕೇಳಿದ್ದೇ ಹರಿಣಾಕ್ಷಿ ಪಾತ್ರೆ ಹಿಡಿದು ಓಡಿದಳು.

"ಎರಡು ಬಂಗುಡೆ ಕೊಡು."

"ಎರಡೇಯಾ? ಬೆಕ್ಕಿಗಾ ಅಕ್ಕ?"

ಅವನದು ಬರೀ ತಮಾಷೆ. ಅವಳಿಗೆ ಮಾತ್ರ ಕೆನ್ನೆಗೆ ಹೊಡೆದಂತಾಯಿತು.

"ಅಯ್ಯೋ, ಮರ್ತೇ ಹೋಯ್ತು ಮಾರಾಯ! ನೆಂಟರು ಬರ್ಲಿಕ್ಕುಂಟು, ನಾಲ್ಕು ಜನ. ಒಂದು ಕೆಜಿ ಹಾಕು."

ಕೆಜಿಗೆ ಎಂಟು ಬಂಗುಡೆ ಬಂದವು. ಮನೆಯಲ್ಲಿ ಫ್ರಿಜ್ಜಿಲ್ಲ, ಎಂಟನ್ನೂ ಬೇಯಿಸದೆ ವಿಧಿಯಿಲ್ಲ. ಮೆಣಸು, ಕೊತ್ತಂಬರಿ, ಹುಣಸೆಹುಳಿ, ಬೆಳ್ಳುಳ್ಳಿ ಅರೆದು, ಶುಂಠಿ ಜಜ್ಜಿ ಹಾಕಿ, ಒಂದು ತೊಟ್ಟೂ ಎಣ್ಣೆಯಿಲ್ಲದೆ ಮಣ್ಣಿನ ಮಡಕೆಯಲ್ಲಿ ಹುಳಿಖಾರದ ಪುಳಿಮುಂಚಿ ಸಾರು ಮಾಡಿದಳು. ನೂರಿಪ್ಪತ್ತು ಮಕ್ಕಳ ಸಾರಿಗೆ ಕಣ್ಣು ಮುಚ್ಚಿ ಉಪ್ಪು ಹಾಕುತ್ತಿದ್ದ ಕೈ, ಇಲ್ಲಿ ಚಿಟಿಕೆ ಹಿಡಿದು ಗಾಳಿಯಲ್ಲೇ ನಿಂತಿತು. ಪರಿಮಳ ಮಾತ್ರ ನೆರೆಮನೆಯ ನಾಯಿಯನ್ನೂ ಎಬ್ಬಿಸುವಂತಿತ್ತು.

ಎರಡು ಗಂಟೆಗೆ ಅನ್ನ ಬಡಿಸಬೇಕೆನ್ನುವಾಗ ತಿರುವಿನಲ್ಲಿ ಅದೇ ಹಾರ್ನ್. ಅದ್ದು ವಾಪಸು ಹೊರಟಿದ್ದ. ನೀರು ಕುಡಿಯಲು ಅವನು ಅವಳ ಅಂಗಳಕ್ಕೆ ಬರುವುದು ರೂಢಿ. ನೆಂಟರೆಲ್ಲಿ ಎಂದು ಕೇಳಿದರೆ? ಮಾಡುವ ಮೊದಲು ಯೋಚಿಸುವ ಜಾಯಮಾನ ಅವಳದಲ್ಲ. ನಾಲ್ಕು ತಟ್ಟೆ ಎಳೆದು, ಒಂದೊಂದಕ್ಕೂ ಒಂದು ಹಿಡಿ ಅನ್ನ, ಅರ್ಧ ಸೌಟು ಸಾರು ಬಳಿದು, ಉಂಡು ಬಿಟ್ಟ ತಟ್ಟೆಗಳಂತೆ ಅಂಗಳದ ನಲ್ಲಿಯ ಬುಡದಲ್ಲಿ ಒಟ್ಟಿದಳು.

"ನೆಂಟರು ಹೋದ್ರಾ ಅಕ್ಕ?"

"ಈಗಷ್ಟೇ ಹೋದ್ರು."

ಅದ್ದು ಎಂಜಲು ತಟ್ಟೆಗಳನ್ನು ನೋಡಿದ, ಚೊಂಬಿನ ನೀರು ಕುಡಿದ. "ಎಂತ ಪರಿಮಳ ಮಾರಾಯ್ರೆ! ಹೆಂಡತಿ ತವರಿಗೆ ಹೋಗಿದ್ದಾಳೆ, ಮನೆಯಲ್ಲಿ ಒಲೆ ಹೊತ್ತಿಸ್ಲಿಲ್ಲ. ಉಳಿದಿದ್ರೆ ನಂಗೂ ಒಂದು ಹಾಕಿ, ಇಲ್ಲೇ ಕೂತು ತಿಂತೇನೆ."

ಮಡಕೆಯಲ್ಲಿ ಎಂಟು ಬಂಗುಡೆಯೂ ಇಡಿಯಾಗಿ ಇದ್ದವು. ತೂಗಿ ಕೊಟ್ಟವನೇ ಎದುರು ನಿಂತಿದ್ದಾನೆ.

"ಎಲ್ಲ ಖಾಲಿ ಮಾರಾಯ," ಎಂದುಬಿಟ್ಟಳು.

"ಛೆ, ನಮ್ಮ ನಸೀಬು!" ನಗುತ್ತಲೇ ಅವನು ಸ್ಕೂಟರು ಹತ್ತಿದ.

ಮಡಕೆ ತೋರಿಸದೆ ಒಳಗಿನಿಂದ ಒಂದೇ ಬಂಗುಡೆ ಬಟ್ಟಲಲ್ಲಿ ಹಾಕಿ ತರಬಹುದಿತ್ತಲ್ಲ ಎಂದು ಹೊಳೆದದ್ದು ಅವನು ತಿರುವು ದಾಟಿದ ಮೇಲೆ. ಹರಿಣಾಕ್ಷಿ ಬರಿಗಾಲಲ್ಲೇ ರಸ್ತೆಗೆ ಓಡಿದಳು.

"ಅದ್ದೂ! ಬಾ ಮಾರಾಯ, ಉಂಟು! ಎಂಟೂ ಉಂಟು! ಯಾರೂ ಬರ್ಲಿಲ್ಲ!"

ಸ್ಕೂಟರು ಆಗಲೇ ಕೆಳಗಿನ ಸೇತುವೆ ದಾಟಿತ್ತು. ಅವಳು ಇನ್ನೊಮ್ಮೆ ಕೂಗಿದಳು.