ಚಳಿಗೆ ಕೆಮ್ಮುವ ಕಾರು

ನಮ್ಮ ಮನೆಯವರು ಬ್ಯಾಂಕಿನ ಅಧಿಕಾರಿ. ಬೀದರಿನಿಂದ ವರ್ಗವಾಗಿ ನಾಸಿಕಕ್ಕೆ ಬಂದವರು ಇಲ್ಲಿಯೇ ನೆಲೆ ನಿಂತರು. ಕಚೇರಿಯಲ್ಲಿ ಯಾರ ಮಾತನ್ನೂ ಎರಡನೆಯ ಸಹಿ ಇಲ್ಲದೆ ನಂಬದ ಈ ಮನುಷ್ಯರು ತಮ್ಮ ಹಳೆಯ ಬಿಳಿ ಕಾರನ್ನು ಮಾತ್ರ ಕುರುಡಾಗಿ ನಂಬಿದ್ದರು.

ಕಾರು ಆ ನಂಬಿಕೆಗೆ ಅರ್ಹವಾಗಿರಲಿಲ್ಲ. ದ್ರಾಕ್ಷಿ ತೋಟದವರು ಬಳ್ಳಿಗಳ ನಡುವೆ ಬೆಂಕಿ ಹಾಕಿ ಹೊಗೆ ಎಬ್ಬಿಸುವಷ್ಟು ಚಳಿ ಬಿದ್ದ ಬೆಳಗುಗಳಲ್ಲಿ ಅದು ಒಮ್ಮೆ ಕೆಮ್ಮಿ, ಕ್ಷಣಕಾಲ ಉಸಿರಾಡಿ, ಸುಮ್ಮನಾಗುತ್ತಿತ್ತು. ಎಂಜಿನ್ ಬಿಸಿಯಾಗುವ ತನಕ ಯಾರಾದರೂ ಒಳಗೆ ಕುಳಿತು ಎಕ್ಸಲರೇಟರ್ ತುಳಿಯುತ್ತಲೇ ಇರಬೇಕು. 'ಯಾರಾದರೂ' ಎಂದರೆ ನಾನು. ಇಷ್ಟು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ಬಂದವಳು ನೈಟಿಯ ಮೇಲೆ ಸ್ವೆಟರ್ ತೊಟ್ಟು ಪೆಡಲ್ ತುಳಿಯುತ್ತಿದ್ದರೆ, ಅವರು ಹೊರಗೆ ಬಾನೆಟ್ಟಿಗೆ ಕಿವಿಗೊಟ್ಟು ನಿಂತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಕೈಸನ್ನೆ ಮಾಡುತ್ತಿದ್ದರು. ನಮ್ಮ ಸೊಸೈಟಿಯ ಜನ ಇದನ್ನು ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ನೋಡುತ್ತಿದ್ದರು.

ದೀಪಾವಳಿಗೆಂದು ಸಂಭಾಜಿನಗರದಲ್ಲಿರುವ ಮೈದುನನ ಮನೆಗೆ ಹೋದಾಗ ಚಿಕಿತ್ಸೆ ನಿಶ್ಚಯವಾಯಿತು. ಮೈದುನ ಅಲ್ಲೇ ಶೇಂದ್ರಾದ ಕಾರ್ಖಾನೆಯೊಂದರಲ್ಲಿ, ಲೋಹ ಕಡೆಯುವ ಲೇಥ್ ವಿಭಾಗದ ಮೇಲ್ವಿಚಾರಕ. ಅವನು ವಿವರಿಸಿದ್ದನ್ನು ನಾನು ಅರ್ಥ ಮಾಡಿಕೊಂಡಂತೆ ಹೇಳುತ್ತೇನೆ. ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲೇ ಥ್ರಾಟಲ್ ಬಾಡಿ. ಪೆಡಲ್ ತುಳಿದರೆ ಬಾಗಿಲು ತೆರೆಯುತ್ತದೆ. ಅದರ ಮಗ್ಗುಲಲ್ಲಿ ಸಣ್ಣದೊಂದು ಕಳ್ಳದಾರಿ ಇರುತ್ತದೆ. ಎಂಜಿನ್ ತಣ್ಣಗಿರುವಾಗ ಹೆಚ್ಚಿನ ಗಾಳಿ ಅಲ್ಲಿಂದ ನುಸುಳಿ ಎಂಜಿನ್ನನ್ನು ಎಚ್ಚರವಾಗಿಡುತ್ತದೆ. ಬಿಸಿಯಾದೊಡನೆ ಆ ದಾರಿ ತಾನಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ಕಾರಿನಲ್ಲಿ ಆ ಕಳ್ಳದಾರಿಯ ವಾಲ್ವ್ ಸತ್ತುಹೋಗಿತ್ತು. ಅಣ್ಣತಮ್ಮಂದಿರು ಗುಜರಿ ಅಂಗಡಿಯಿಂದ ದೊಡ್ಡ ಕಾರೊಂದರ ವಾಲ್ವ್ ತಂದು ಕೂಡಿಸಿದರು. ಕೈ ಹಾಕಿದ್ದೇ ಆಯಿತು ಎಂದು ಬಾಗಿಲನ್ನೂ ಕೊರೆಸಿ ಅಗಲ ಮಾಡಿಸಿದರು. ಅದರಿಂದ ಪಿಕಪ್ ಹೆಚ್ಚುತ್ತದಂತೆ. ಐವತ್ತು ದಾಟಿದ ಗಂಡಸರಿಬ್ಬರು ಪಿಕಪ್ ಎಂಬ ಪದವನ್ನು ಅಷ್ಟು ಭಕ್ತಿಯಿಂದ ಉಚ್ಚರಿಸಿದ್ದನ್ನು ನಾನು ಬೇರೆಲ್ಲಿಯೂ ಕೇಳಿಲ್ಲ.

ಮರಳಿ ಜೋಡಿಸುವ ಮುನ್ನ ಅತ್ತೆಯವರು, ಹೊಸ ಅಂಗ ಪೂಜೆಯಿಲ್ಲದೆ ಮೈಯೊಳಗೆ ಹೋಗಬಾರದೆಂದು ಆ ಥ್ರಾಟಲ್ ಬಾಡಿಯನ್ನು ದೇವರ ಮನೆಗೆ ತರಿಸಿಕೊಂಡರು. ವಿಭೂತಿ, ಕುಂಕುಮ, ಒಂದು ಬಿಲ್ವದೆಲೆ. ಅವರ ಗಂಡುಮಕ್ಕಳಿಬ್ಬರೂ ಕೈಮುಗಿದು, ಪ್ರಸಾದದಂತೆ ಅದನ್ನು ಎತ್ತಿಕೊಂಡು ಹೋಗಿ ಕೂಡಿಸಿದರು.

ಕಾರ್ತಿಕದ ಹಿತವಾದ ಹವೆಯಲ್ಲಿ ಕಾರು ಚೆನ್ನಾಗಿಯೇ ನಡೆಯಿತು. ಇವರು ನೆಂಟರಿಗೆಲ್ಲ ಫೋನ್ ಮಾಡಿ ಸುದ್ದಿ ಹೇಳಿದರು. ನಮ್ಮ ಮಗಳು ಮಾತ್ರ ನಂಬಲಿಲ್ಲ. ಅವಳು ಹೊಸ ಕಾರೊಂದನ್ನು ನೋಡಿಟ್ಟು, ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಲು ಮಾತನಾಡಿದ್ದಳು. ಮೈದುನನ ಹೊಸ ಮನೆಯ ಗೃಹಪ್ರವೇಶ ಮಾಗಿಯ ಚಳಿಯಲ್ಲಿ ಬಂತು. ಆಗ ಅವಳು ಅಪ್ಪನಿಗೆ ಷರತ್ತು ಹಾಕಿದಳು: ಹೊರಡುವ ಬೆಳಿಗ್ಗೆ ಯಾರೂ ಪೆಡಲ್ ತುಳಿಯದೆ ಎಂಜಿನ್ ನಡೆಯುತ್ತಲೇ ಇದ್ದರೆ ಕಾರು ಮನೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಹೋಗುತ್ತದೆ. ಇವರು ನಗುತ್ತಲೇ ಒಪ್ಪಿದರು.

ಆ ಬೆಳಿಗ್ಗೆ ಕಾರು ಕೆಮ್ಮಿತು, ಉಸಿರಾಡಿತು, ಸುಮ್ಮನಾಯಿತು. ಮತ್ತೆ ಮತ್ತೆ ಅದೇ ಆಯಿತು. ಕೊನೆಗೆ ನಾನು ರೇಷ್ಮೆ ಸೀರೆಯಲ್ಲಿಯೇ ಕುಳಿತು ಪೆಡಲ್ ತುಳಿದೆ. ಬಾಲ್ಕನಿಗಳಲ್ಲಿ ಚಹಾ ಬಂದಿತ್ತು. ದಾರಿಯಲ್ಲಿ ವೈಜಾಪುರ ದಾಟುವ ತನಕ ಇವರು ಎಂಜಿನ್ನಿನ ಸದ್ದಿಗೇ ಕಿವಿಗೊಟ್ಟು ಓಡಿಸಿದರು. ಎಂಜಿನ್ ಬಿಸಿಯಾಗಿದ್ದ ಕಾರು, ಏನೂ ಅರಿಯದ ಮಗುವಿನಂತೆ ಸೊಗಸಾಗಿ ಓಡುತ್ತಿತ್ತು.

ಗೃಹಪ್ರವೇಶದ ಊಟ ಮುಗಿದ ಮೇಲೆ ಮೈದುನ ಹೊಸ ಧೋತರವನ್ನು ಮೇಲೆ ಕಟ್ಟಿಕೊಂಡು ಬಾನೆಟ್ ತೆರೆದ. ಪಿಕಪ್ಪಿನ ಖ್ಯಾತಿ ಕೇಳಿದ್ದ ನೆಂಟರು ಎಲೆ ಅಡಿಕೆ ಜಗಿಯುತ್ತ ಸುತ್ತುವರಿದರು. ಅವನು ಥ್ರಾಟಲ್ ಬಾಡಿಯನ್ನು ಬಿಚ್ಚಿ, ಕಳ್ಳದಾರಿಗೆ ಬೆರಳು ಹಾಕಿ, ಬೂದು ಬಣ್ಣದ ಮುದ್ದೆಯೊಂದನ್ನು ಹೊರತೆಗೆದ. ಎಣ್ಣೆಯಲ್ಲಿ ಕಲಸಿ ಗಟ್ಟಿಯಾಗಿದ್ದ ಅದನ್ನು ಮೂಸಿ ನೋಡಿದ. ಅಣ್ಣನ ಮೂಗಿಗೂ ಹಿಡಿದ. ಇಬ್ಬರೂ ಮುಖ ಮುಖ ನೋಡಿಕೊಂಡು, ಹಿಂದೆ ಕುರ್ಚಿಯಲ್ಲಿ ಕುಳಿತಿದ್ದ ತಾಯಿಯತ್ತ ಒಮ್ಮೆ ಕಣ್ಣು ಹಾಯಿಸಿ, ಕೂಡಲೇ ತಗ್ಗಿಸಿದರು.

"ಪಪ್ಪಾ, ಚೂಕ್ ಕುಣಾಚಿ? ಯಾರ್ದು ತಪ್ಪು?" ಎಂದಳು ಮಗಳು.

ಇವರು ಬಹಳ ಹೊತ್ತು ಕೈ ಒರೆಸಿಕೊಂಡರು. ತಮ್ಮ ಕೆಲಸದಲ್ಲಿ ದೋಷವಿರಲಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು, ಕಾರು ಉಳಿಯುತ್ತಿತ್ತು. ಆದರೆ ಗೃಹಪ್ರವೇಶದ ದಿನ, ಅಷ್ಟು ಜನರ ಎದುರು, ತಾಯಿಯ ಪೂಜೆಯ ವಿಭೂತಿಯನ್ನು ದೂರುವುದಾದರೂ ಹೇಗೆ?

"ನಂದೇ ತಪ್ಪು. ಸ್ವಚ್ಛ ನೋಡಿ ಕೂಡಿಸಬೇಕಾಗಿತ್ತು. ಕಾರ್ ಕೊಟ್ಟುಬಿಡು" ಎಂದರು.

ಸಾಕಿದ ಎಮ್ಮೆಯನ್ನು ಸಂತೆಗೆ ಹೊಡೆಯುವವರ ಧ್ವನಿ ಅದು. ಆಗ ಅತ್ತೆಯವರು ಕುರ್ಚಿಯಿಂದ ಎದ್ದರು.

"ತಪ್ಪು ಯಾಕಂತಿ ತಮ್ಮಾ? ಹೊರಗ ಹಚ್ಚಿದ್ರ ಎಣ್ಣಿ ಹತ್ತಿ ಅಳಿಸಿ ಹೋಗ್ತದಂತ ಇಬತ್ತಿ ಒಳಗ ಹಚ್ಚೀನಿ. ತೂತು ಕಂಡ್ತು, ಅದ್ರಾಗೂ ಇಷ್ಟು ತುಂಬೀನಿ. ಅದಕ್ಕೇ ನಾಸಿಕದಿಂದ ಇಲ್ಲೀತನ ಸುಖಾ ಬಂದೀರಿ."

ಮೈದುನ ಬಾನೆಟ್ಟಿನೊಳಗೆ ತಲೆ ಹಾಕಿದ. ಅವನ ಬೆನ್ನು ಅಲುಗುತ್ತಿತ್ತು. ನೆಂಟರಲ್ಲಿ ಹಿರಿಯರೊಬ್ಬರು, ಮುದುಕಿ ಹೇಳುವುದೂ ಖರೆ, ಬಂದಿದ್ದಾರಲ್ಲ, ಎಂದು ತೀರ್ಪಿತ್ತರು.

ಮಗಳು ನಗಲಿಲ್ಲ. ಅಪ್ಪನನ್ನೇ ನೋಡುತ್ತಿದ್ದಳು. ಕಾರು ಬಿಡಲು ಸಿದ್ಧರಾದ ಅಪ್ಪನನ್ನು ಅವಳು ಅಂದೇ ಮೊದಲ ಸಲ ಕಂಡಿದ್ದು. ಪರೀಕ್ಷೆ ಮರುದಿನ ಮತ್ತೊಮ್ಮೆ ಎಂದು ಸಾರಿದಳು.

ಮೈದುನ ಸಂಜೆಯೇ ಕಳ್ಳದಾರಿಯನ್ನು ಪೆಟ್ರೋಲಿನಲ್ಲಿ ತೊಳೆದು ಜೋಡಿಸಿದ. ಅಷ್ಟು ಹೊತ್ತೂ ಅತ್ತೆಯವರನ್ನು ಅಡುಗೆಮನೆಯಲ್ಲಿ ಮಾತಿಗೆ ಹಿಡಿದು ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಗಾಜಿನ ಮೇಲೆ ಇಬ್ಬನಿ ಇತ್ತು. ಮಗಳು ಕೀ ತಿರುಗಿಸಿ, ಎರಡೂ ಕಾಲುಗಳನ್ನು ಬಾಗಿಲ ಹೊರಗೆ ಚಾಚಿ ಕುಳಿತಳು. ಎಂಜಿನ್ ಏರುದನಿಯಲ್ಲಿ ಶುರುವಾಗಿ, ಏರಿದ ದನಿಯಲ್ಲಿಯೇ ನಡೆದು, ನಾವು ಒಂದೊಂದು ಲೋಟ ಚಹಾ ಮುಗಿಸುವಷ್ಟರಲ್ಲಿ ತಾನಾಗಿ ಮೆಲ್ಲನಾಯಿತು. ಇವರು ಕನ್ನಡಕ ತೆಗೆದು, ಚಳಿಗೆ ಕಣ್ಣಲ್ಲಿ ನೀರು ಬರುತ್ತದೆ ಎಂದರು.

ಮಗಳು ಎಕ್ಸ್‌ಚೇಂಜಿನವನಿಗೆ ಫೋನ್ ಮಾಡಿ, ಗಾಡಿ ಕೊಡುವುದಿಲ್ಲವೆಂದು ಮರಾಠಿಯಲ್ಲಿ ಹೇಳಿದಳು. ಇವರು ಕೀಗಾಗಿ ಕೈ ಚಾಚಿದರು.

"ಗಾಡಿ ರಾಹೂ ದ್ಯಾ ಪಪ್ಪಾ, ಇರಲಿ. ಪಣ್, ಆದ್ರ, ಓಡ್ಸೋದು ನಾ," ಎಂದು ಅವಳು ಬಾಗಿಲು ಹಾಕಿಕೊಂಡಳು.

ನಾಸಿಕದ ತನಕ ಇವರು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತು, ಗೇರ್ ತಡವಾಯಿತು, ಕ್ಲಚ್ ಮೇಲೆ ಕಾಲಿಡಬೇಡ ಎಂದು ಹೇಳುತ್ತಲೇ ಬಂದರು. ಅವಳು ಹಾಡಿನ ದನಿ ಹೆಚ್ಚಿಸಿದಳು.