ಹೂ ಬಾಡುವ ತನಕ ಕಿಟಕಿ ಮುಚ್ಚಬಾರದು

ಚೆಂಡು ಹೂವಿನ ತೊಟ್ಟು ಮುರಿದಾಗ ಬರುವ ವಾಸನೆಯನ್ನು ಸುವಾಸನೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ದುರ್ವಾಸನೆ ಎನ್ನಲು ಧೈರ್ಯವಿಲ್ಲ, ಏಕೆಂದರೆ ಅದು ದೇವರ ತಲೆಗೆ ಏರುವ ಹೂವು. ಕಳೆದ ವಾರ, ದೀಪಾವಳಿ ಮುಗಿದ ಮೂರನೆಯ ದಿನ, ಬೈಲಹೊಂಗಲದ ನಮ್ಮ ಮನೆಯ ಸೋಫಾದ ಮೇಲೆ ಒಂದು ಬುಟ್ಟಿ ಚೆಂಡು ಹೂ ಬಂದು ಕುಳಿತಿತ್ತು. ಪಕ್ಕದಲ್ಲಿ ಮೊಮ್ಮಗಳು ತನ್ವಿ. ಕೈಯಲ್ಲಿ ಅಂಟಿನ ಬಾಟಲಿ, ಮುಖದಲ್ಲಿ ಸರ್ಕಾರಿ ಕೆಲಸಕ್ಕೆ ಹೊರಟವರ ಗಾಂಭೀರ್ಯ. ಶಾಲೆಯಿಂದ ಅಪ್ಪಣೆಯಾಗಿತ್ತಂತೆ: ಈ ಋತುವಿನ ತಾಜಾ ಹೂಗಳಿಂದ ಮನೆಯ ಒಂದು ಕಿಟಕಿಯನ್ನು ಅಲಂಕರಿಸಿ ಫೋಟೊ ಕಳಿಸಬೇಕು.

“ಅಜ್ಜಾ, ಹೂ ಗಾಜಿಗೆ ಅಂಟವಲ್ಲವು ನೋಡು,” ಎಂದಳು.

ನೋಡಿದೆ. ಅಂಟು ಹಚ್ಚಿಸಿಕೊಂಡ ಹೂಗಳು ಗಾಜಿನ ಮೇಲೆ ನಿಧಾನವಾಗಿ, ಮರ್ಯಾದೆಯಿಂದ, ಕೆಳಗಿಳಿಯುತ್ತಿದ್ದವು. ನಾನು ಮೂವತ್ತಮೂರು ವರ್ಷ ಸರ್ವೇ ಇಲಾಖೆಯಲ್ಲಿ ಸರಪಳಿ ಎಳೆದವನು. ಇಂಥ ಸಂದರ್ಭದಲ್ಲಿ ಮೊದಲು ಮಾಡಬೇಕಾದ ಕೆಲಸ ನನಗೆ ಗೊತ್ತು. ಟೇಪು ತಂದು ಕಿಟಕಿಯ ಉದ್ದಗಲ ಅಳೆದೆ. ಅದರಿಂದ ಯಾವ ಉಪಯೋಗವೂ ಆಗಲಿಲ್ಲ, ಆದರೆ ಕೆಲಸಕ್ಕೆ ಒಂದು ಘನತೆ ಬಂತು. ಆಮೇಲೆ ಹಿಂದಿನ ಓಣಿಯಲ್ಲಿ ಎಮ್ಮೆ ಸಾಕಿದವರ ಮನೆಗೆ ಹೋಗಿ ನಾಲ್ಕು ಕಣಕಿ, ಅಂದರೆ ಜೋಳದ ಒಣ ದಂಟು, ಕೇಳಿ ತಂದೆ. ಗಾಜನ್ನೂ ಸೊಳ್ಳೆಯ ಜಾಳಿಗೆಯನ್ನೂ ಬದಿಗೆ ಸರಿಸಿ, ಹೊರಗಿನ ಗ್ರಿಲ್ಲಿಗೆ ಅವನ್ನು ಅಡ್ಡ ಕಟ್ಟಿದೆ. ದಂಟನ್ನು ಸೀಳಿ, ಒಳಗಿನ ಬಿಳಿ ಬೆಂಡಿಗೆ ನೀರು ಚಿಮುಕಿಸಿ, ಹೂವಿನ ತೊಟ್ಟನ್ನು ಚುಚ್ಚಿ ತೋರಿಸಿದೆ. ಹೂವು ನಿಂತಿತು. ತನ್ವಿ ನನ್ನನ್ನು ಮೊದಲ ಸಲ ನೋಡುವವಳಂತೆ ನೋಡಿದಳು.

ಹೊಗಳಿಕೆ ತಲೆಗೇರಿದವನು ಸುಮ್ಮನಿರುವುದಿಲ್ಲ. “ಇನ್ನೊಂದು ಮಾತು ನೆನಪಿಡು,” ಎಂದೆ. “ಹೂ ಕಟ್ಟಿದ ಕಿಡಕಿ, ಹೂ ಬಾಡೂತನಕ ಮುಚ್ಚಬಾರದು. ಶಾಸ್ತ್ರ ಐತಿ.”

“ಯಾರ ಮಾಡಿದ್ದು?”

ನೀವೇ ಹೇಳಿ, ಇದೇನು ಕೇಳುವ ಪ್ರಶ್ನೆಯೇ? ಐವತ್ತೆಂಟು ವರ್ಷದಿಂದ ನಾನು ಈ ಶಾಸ್ತ್ರವನ್ನು ನಂಬಿಕೊಂಡು ಬಂದಿದ್ದೇನೆ; ನನಗೇ ಹೊಳೆದಿರಲಿಲ್ಲ. ಉತ್ತರ ಹುಡುಕಲು ನಾನು ಮುನವಳ್ಳಿಯ ತನಕ ಹೋಗಬೇಕಾಯಿತು. ಬಸ್ಸಿನಲ್ಲಲ್ಲ, ಕುಳಿತಲ್ಲಿಂದಲೇ.

ಮುನವಳ್ಳಿಯ ನಮ್ಮ ಹಳೆಯ ಮನೆಗೆ ಓಣಿಯ ಕಡೆಗೆ ಒಂದೇ ಕಿಟಕಿ. ಎರಡು ಕಟ್ಟಿಗೆಯ ಬಾಗಿಲು, ಐದು ಕಬ್ಬಿಣದ ಸರಳು. ನಾನು ಹುಟ್ಟುವ ಮೊದಲೇ ಅದು ಮುಚ್ಚಿತ್ತು. ಕಾರಣ ಅಜ್ಜನ ರುಮಾಲು. ಯಾವುದೋ ಕಾಲದಲ್ಲಿ ಒಬ್ಬ ಕಳ್ಳ ಕೋಲಿನ ತುದಿಗೆ ಕೊಕ್ಕೆ ಕಟ್ಟಿ, ಆ ಕಿಟಕಿಯೊಳಗಿಂದ ಕೋಲು ತೂರಿಸಿ, ಗೂಟಕ್ಕೆ ತೂಗುಹಾಕಿದ್ದ ಅಜ್ಜನ ಹೊಸ ರುಮಾಲನ್ನು ಎತ್ತಿಕೊಂಡು ಹೋಗಿದ್ದನಂತೆ. ಬೇರೆ ಏನು ಹೋಗಿದ್ದರೂ ಅಜ್ಜ ಸಹಿಸುತ್ತಿದ್ದ. ತಲೆಗೆ ರುಮಾಲು ಸುತ್ತದೆ ಹೊಸ್ತಿಲು ದಾಟುವುದೆಂದರೆ ಅವನ ಮಟ್ಟಿಗೆ ಧೋತರವಿಲ್ಲದೆ ದಾಟಿದಂತೆ. ಅವನ ತಲೆ ಬೋಳೋ ಅಲ್ಲವೋ ಎಂಬುದು ಓಣಿಗೆ ತಿಳಿಯದ ಗುಟ್ಟಾಗಿತ್ತು. ಅಂದು ಮುಚ್ಚಿದ ಕಿಟಕಿಗೆ ಅಜ್ಜ ಒಳಗಿನಿಂದ ಅಗಳಿ ಹಾಕಿಸಿದ. ಕಳ್ಳ ಮುದುಕನಾಗಿರಬೇಕು, ರುಮಾಲು ಹರಿದು ಒರಸುವ ಅರಿವೆಯಾಗಿರಬೇಕು, ಅಗಳಿ ಮಾತ್ರ ಅಲ್ಲಾಡಲಿಲ್ಲ.

ಅಂಥ ಮನೆಗೆ ರಾಮದುರ್ಗದಿಂದ ಚಿಗವ್ವ ಬಂದಳು, ನಮ್ಮ ಕಾಕಾನ ಹೆಂಡತಿಯಾಗಿ. ಅವಳ ತವರು ಹೊಳೆಯ ಕಡೆಗೆ ಮುಖ ಮಾಡಿದ ಮನೆ; ಮೂರು ಕಿಟಕಿಗಳ ಗಾಳಿ ಕುಡಿದು ಬೆಳೆದವಳು. ನಮ್ಮ ಮನೆಯಲ್ಲಿ ಹಗಲು ಹನ್ನೆರಡಕ್ಕೆ ಅಕ್ಕಿ ಆರಿಸಲು ಚಿಮಣಿ ದೀಪ ಬೇಕಾಗುತ್ತಿತ್ತು. ಹೊಸ ಸೊಸೆ ಹೊರಗೆ ಕಟ್ಟೆಯ ಮೇಲೆ ಕೂರುವಂತಿಲ್ಲ. ಒಳಗೆ ಒಲೆಯ ಹೊಗೆ. ಮುಚ್ಚಿದ ಕಿಟಕಿಯ ಮುಂದೆ ನಿಂತು, ಬಾಗಿಲುಗಳ ನಡುವಿನ ಕೂದಲೆಳೆಯಷ್ಟು ಸಂದಿಗೆ ಕಣ್ಣು ಹಚ್ಚಿ ಓಣಿ ನೋಡುತ್ತಿದ್ದಳು. ಒಮ್ಮೆ ನನ್ನ ಮುಂದೆ, “ಉಸುರು ಕಟ್ಟತೈತೋ ಯಪ್ಪಾ,” ಅಂದಳು. ಎಂಟು ವರ್ಷದವನ ಮುಂದೆ ಹೇಳಿಕೊಂಡಳೆಂದರೆ ಹೇಳಿಕೊಳ್ಳಲು ಬೇರೆ ಯಾರೂ ಇರಲಿಲ್ಲವೆಂದೇ ಅರ್ಥ.

ಆ ವರ್ಷದ ದಸರೆಯ ಮುನ್ನಾ ದಿನ ಅಜ್ಜ ಹೊಲಕ್ಕೆ ಹೋಗಿದ್ದಾಗ ಅವಳು ನನ್ನನ್ನೂ ನನ್ನ ತಂಗಿ ಕಸ್ತೂರಿಯನ್ನೂ ಕರೆದು, ಅಗಳಿ ತೆಗೆದು, ಕಿಟಕಿಯನ್ನು ತೆರೆದಳು. ಮನೆಯೊಳಗೆ ಬೆಳಕು ಬಿದ್ದದ್ದೇ ಬಿದ್ದದ್ದು, ಎಷ್ಟೋ ಜೇಡಗಳಿಗೆ ದಿಕ್ಕು ತಪ್ಪಿತು. ಸರಳುಗಳಿಗೆ ಕಣಕಿಯನ್ನು ಪುಂಡಿ ನಾರಿನಿಂದ ಕಟ್ಟುವುದನ್ನೂ ಹಸಿ ಮಾಡಿದ ಬೆಂಡಿಗೆ ಹೂ ಚುಚ್ಚುವುದನ್ನೂ ಆ ದಿನ ಕಲಿಸಿದಳು. ಮಕ್ಕಳಿಬ್ಬರೂ ಚೆಂಡು ಹೂ, ಬನ್ನಿ ಎಲೆ ಚುಚ್ಚುತ್ತ ಕೂತಿದ್ದಾಗಲೇ ಅಜ್ಜ ಬಂದ.

“ಯಾರು ತಗದ್ರು ಇದನ್ನ?”

ನಾನು ಕಸ್ತೂರಿಯ ಕಡೆ ನೋಡಿದೆ. ಕಸ್ತೂರಿ ನನ್ನ ಕಡೆ ನೋಡಿದಳು. ಚಿಗವ್ವ ಸೆರಗು ಸರಿಮಾಡಿಕೊಂಡು, ನೆಲ ನೋಡುತ್ತ ಹೇಳಿದಳು: “ಹಬ್ಬಕ್ಕ ಕಿಡಕಿಗೆ ಹೂ ಕಟ್ಟತಾರ್ರಿ ಮಾವಾರ. ಕಟ್ಟಿದಮ್ಯಾಲೆ ಹೂ ಬಾಡೂತನಕ ಮುಚ್ಚಬಾರದ್ರಿ. ಮುಚ್ಚಿದ್ರ ಲಕ್ಷ್ಮಿ ಹೊರಗ ಉಳೀತಾಳಂತ. ನಮ್ಮ ರಾಮದುರ್ಗದಾಗ ಹಂಗ ಪದ್ಧತಿ ಐತ್ರಿ.”

ಅಜ್ಜ ಒಳಗಿನ ಕತ್ತಲೆಗೆ ಮುಖ ಮಾಡಿ ಕೂಗಿದ: “ಏ, ಇಲ್ಲಿ ಬಾ. ನೀನೂ ರಾಮದುರ್ಗದಾಕಿ. ನಿಮ್ಮೂರಾಗ ಇಂಥಾದ್ದೊಂದು ಪದ್ಧತಿ ಐತೇನು?”

ಅಜ್ಜಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಂದಳು. ಕಿಟಕಿ ನೋಡಿದಳು, ಸೊಸೆಯನ್ನು ನೋಡಲಿಲ್ಲ. “ಐತ್ರಿ,” ಅಂದಳು. “ಮದುವಿಯಾದ ಹೊಸದಾಗ ದಸರಿಗೆ ಬಂದಾಗ ನೋಡಿದ್ರೆಲ್ಲ. ಮರತ್ರೇನು?”

ಹೆಂಡತಿಯ ತವರಿನಲ್ಲಿ ನೋಡಿದ್ದನ್ನು ಮರೆತೆನೆಂದು ಒಪ್ಪಿಕೊಳ್ಳುವ ಗಂಡಸು ಆ ಕಾಲದಲ್ಲಿ ಇರಲಿಲ್ಲ. ಈ ಕಾಲದಲ್ಲಿ ಅಷ್ಟು ಧೈರ್ಯ ಯಾರಿಗೂ ಇಲ್ಲ. ಅಜ್ಜ ಗಂಟಲು ಸರಿಮಾಡಿಕೊಂಡು, “ಬಾಡಿದ ದಿನ ಮುಚ್ಚಬೇಕು,” ಎಂದು ತೀರ್ಪು ಕೊಟ್ಟು ಕಾಲು ತೊಳೆಯಲು ಹೋದ.

ಅಲ್ಲಿಂದ ಶುರುವಾಯಿತು ನೋಡಿ. ಕಿಟಕಿ ತೆರೆದಿರಬೇಕಾದರೆ ಅದರಲ್ಲಿ ಸದಾ ತಾಜಾ ಹೂ ಇರಬೇಕು. ಅಜ್ಜ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಒಂದೊಂದೇ ಹೂವನ್ನು ಬೆರಳಿನಿಂದ ಮುಟ್ಟಿ ಪಂಚನಾಮೆ ಮಾಡುತ್ತಿದ್ದ. ಒಂದು ಹೂವಾದರೂ ನೆಟ್ಟಗಿದ್ದರೆ ಬಾಗಿಲಿಗೆ ಜೀವದಾನ. ನಾನೂ ಕಸ್ತೂರಿಯೂ ಶಾಲೆಯಿಂದ ಬರುವಾಗ ಕಂಡವರ ಹಿತ್ತಲು, ಬೇಲಿ, ಬದು ಒಂದನ್ನೂ ಬಿಡಲಿಲ್ಲ. ದಸರೆಯ ಚೆಂಡು ಹೂ ಮುಗಿದರೆ ದೀಪಾವಳಿಯ ಗುರೆಳ್ಳು, ಅಂದರೆ ಹುಚ್ಚೆಳ್ಳಿನ ಹೂ, ಅದು ಮುಗಿದರೆ ಸೇವಂತಿಗೆ. ಪಂಚಾಂಗದಲ್ಲಿ ಆರೇ ಋತುಗಳಿವೆ. ನಮ್ಮ ಕಿಟಕಿಗೆ ಎಂಟು ದಿನಕ್ಕೊಂದು ಬರುತ್ತಿತ್ತು.

ಒಮ್ಮೆ ಓಣಿಯಲ್ಲಿ ಹೊರಟಿದ್ದ ಎತ್ತೊಂದು, ಕಣಕಿ ಎಂದರೆ ಕಣಕಿಯೇ ಎಂದು ತಿಳಿದು, ಅರ್ಧ ಅಲಂಕಾರವನ್ನು ಹೂವಿನ ಸಮೇತ ಎಳೆದು ತಿಂದಿತು. ಈಗ ಒಂದು ಸೂಕ್ಷ್ಮ ಪ್ರಶ್ನೆ ಎದ್ದಿತು. ತಿಂದ ಹೂವು ಬಾಡಿದ ಹೂವಿಗೆ ಸಮವೇ? ಅಜ್ಜ ಬಹಳ ಹೊತ್ತು ಯೋಚಿಸಿದ. ಉಳಿದರ್ಧ ಬಾಡಿಲ್ಲವಾದ್ದರಿಂದ ಕಿಟಕಿಯೂ ಅರ್ಧ ತೆರೆದಿರಲಿ ಎಂದು ಒಂದು ಬಾಗಿಲನ್ನು ಮಾತ್ರ ಮುಚ್ಚಿದ. ಇಂಥ ನ್ಯಾಯ ಕೋರ್ಟಿನಲ್ಲೂ ಸಿಗುವುದಿಲ್ಲ.

ಹೀಗೆ ಸಂಕ್ರಾಂತಿ ಬಂತು. ಚಿಗವ್ವನ ತಾಯಿ ಮಗಳನ್ನು ನೋಡಲು ಬರುವುದಾಗಿ ಕಾರ್ಡು ಬಂದಿತ್ತು. ಮಗಳನ್ನು ಕತ್ತಲೆ ಮನೆಗೆ ಕೊಟ್ಟೆವು ಎಂದು ಆ ತಾಯಿ ದಸರೆಯ ಮೊದಲಿನಿಂದ ಕೊರಗುತ್ತಿದ್ದಳಂತೆ. ಚಿಗವ್ವ ನನ್ನಿಂದಲೇ ಉತ್ತರ ಬರೆಸಿದ್ದಳು: ‘ನಮ್ಮ ಮನೆಗೆ ಓಣಿಯ ಕಡೆ ದೊಡ್ಡ ಕಿಟಕಿ ಇದೆ. ನಾನು ದಿನಾಲೂ ಅಲ್ಲಿ ಕೂರುತ್ತೇನೆ. ನೀನು ಬಂದ ದಿನವೂ ಅಲ್ಲೇ ಕೂತಿರುತ್ತೇನೆ.’ ‘ದೊಡ್ಡ’ ಎಂಬುದು ನಾನು ಸೇರಿಸಿದ್ದು.

ಆ ದಿನದ ಕಿಟಕಿ ಎಲ್ಲ ಕಿಟಕಿಗಳನ್ನೂ ಮೀರಿಸಬೇಕಿತ್ತು. ಕಸ್ತೂರಿ ಅಗಸಿ ಹೂವೇ ಬೇಕೆಂದು ಹಟ ಹಿಡಿದಳು. ಅಗಸಿ ಹೊಲವನ್ನು ಬೆಳಿಗ್ಗೆ ನೋಡಿದವರಿಗೆ ಗೊತ್ತು: ಆಕಾಶದ ಒಂದು ತುಂಡು ಎರೆಭೂಮಿಯ ಮೇಲೆ ಬಿದ್ದಂತೆ ನೀಲಿ. ನಸುಕಿನಲ್ಲಿ ಹೋಗಿ ಎರಡು ಬುಟ್ಟಿ ತಂದೆವು, ಹಳೆಯ ಹೂವನ್ನೆಲ್ಲ ಕಿತ್ತು ಎಸೆದೆವು, ಕಣಕಿ ಕಾಣದಂತೆ ನೀಲಿ ತುಂಬಿದೆವು. ಓಣಿಯ ಜನ ನಿಂತು ನೋಡಿ ಹೋದರು. ಅಜ್ಜ ಕೂಡ ಪಂಚನಾಮೆ ಮಾಡದೆ ಸುಮ್ಮನೆ ನೋಡಿದ.

ಹೊಲದ ಮಕ್ಕಳಾಗಿ ಹುಟ್ಟಿಯೂ ನಮಗೆ ಒಂದು ಸಂಗತಿ ತಿಳಿದಿರಲಿಲ್ಲ. ಬೆಳಿಗ್ಗೆ ಹೊಲದ ಬದಿಯಿಂದಲೇ ಶಾಲೆಗೆ ಓಡುತ್ತಿದ್ದ ನಾವು ಅಗಸಿ ಹೊಲವನ್ನು ಮಧ್ಯಾಹ್ನ ನೋಡಿರಲೇ ಇಲ್ಲ. ಅಗಸಿ ಹೂವಿನ ಎಸಳು ಹೊತ್ತು ಏರುತ್ತಿದ್ದಂತೆ ಉದುರಿಬಿಡುತ್ತದೆ. ಹನ್ನೊಂದಕ್ಕೆ ಒಂದು ಬಿತ್ತು. ಹನ್ನೆರಡಕ್ಕೆ ನೀಲಿಯೆಲ್ಲ ನೆಲದ ಮೇಲಿತ್ತು. ಕಿಟಕಿಯಲ್ಲಿ ಬರೀ ಹಸಿರು ತೊಟ್ಟುಗಳು, ಕ್ಷೌರವಾದ ತಲೆಯ ಹಾಗೆ. ಬಸ್ಸು ಮೂರಕ್ಕೆ.

“ಬಾಡಿಲ್ರಿ ಅಜ್ಜಾ, ಬರೇ ಉದುರ್ಯಾವ!” ಎಂದು ನಾನು ವಾದ ಹೂಡಿದೆ.

“ಕಿಡಕಿಯೊಳಗ ಹೂ ಐತೇನು?”

ಇರಲಿಲ್ಲ. ಅಜ್ಜ ಎರಡೂ ಬಾಗಿಲು ಮುಚ್ಚಿ ಅಗಳಿ ಹಾಕಿದ. ಕಸ್ತೂರಿ ಅಳಲು ಶುರುಮಾಡಿದಳು. ಚಿಗವ್ವ ಅಳಲಿಲ್ಲ. ಕತ್ತಲೆಯಲ್ಲಿ ಕೂತು ನೀಲಿ ಎಸಳುಗಳನ್ನು ಒಂದೊಂದಾಗಿ ಆರಿಸಿ ಉಡಿಯಲ್ಲಿ ಹಾಕಿಕೊಳ್ಳತೊಡಗಿದಳು, ಅಕ್ಕಿ ಆರಿಸುವಂತೆ. “ಅವ್ವ ಬರತಾಳ,” ಎಂದಳು, ಯಾರಿಗೂ ಅಲ್ಲ. ಅಜ್ಜ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ಕೋಲು ತೆಗೆದುಕೊಂಡು ಹೊರಗೆ ಹೋದ. ಗುಡಿಯ ಕಟ್ಟೆಗೆ ಗೆಲುವನ್ನು ಹೇಳಿಕೊಳ್ಳಲು ಹೋದನೆಂದು ನಾವು ತಿಳಿದೆವು.

ಎರಡೂವರೆಗೆ ಓಣಿಯ ತುದಿಯಲ್ಲಿ ಗದ್ದಲವಾಯಿತು. ಓಡಿಹೋಗಿ ನೋಡಿದೆ. ಅಜ್ಜ ಬರುತ್ತಿದ್ದ, ಬರೀ ತಲೆಯಲ್ಲಿ. ಗುಟ್ಟು ರಟ್ಟಾಗಿತ್ತು: ಪೂರಾ ಬೋಳು, ಬಿಸಿಲಿಗೆ ತಾಮ್ರದ ತಂಬಿಗೆಯಂತೆ ಹೊಳೆಯುತ್ತಿತ್ತು. ಕಟ್ಟೆಯ ಮೇಲಿದ್ದ ಹೆಂಗಸರು ನಗಬೇಕೋ ಮುಖ ಮುಚ್ಚಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದರು. ರುಮಾಲು ಅವನ ಹೆಗಲ ಮೇಲೆ ಗಂಟಾಗಿತ್ತು. ಮನೆಗೆ ಬಂದು ಅದನ್ನು ನೆಲಕ್ಕೆ ಇಳಿಸಿದ. ತುಂಬ ಕುಸುಬಿ ಹೂ. ಹಳದಿ, ಕೇಸರಿ, ಎಲ್ಲಕ್ಕೂ ಮುಳ್ಳು. ರುಮಾಲಿನ ಎಳೆ ಎಳೆಯಲ್ಲೂ ಮುಳ್ಳು, ಅವನ ಕೈಯಲ್ಲೂ.

“ಎಮ್ಮಿಗೆ ತಂದೇನಿ,” ಎಂದ.

“ಎಮ್ಮಿ ಮುಳ್ಳು ತಿನ್ನೂದಿಲ್ರಿ ಮಾವಾರ,” ಎಂದಳು ಚಿಗವ್ವ, ಬಹಳ ಮೆಲ್ಲಗೆ.

“ತಿನ್ನದಿದ್ರ ಕಿಡಕಿಗೆ ಹಾಕ್ರಿ. ಚೆಲ್ಲೂದು ಬ್ಯಾಡ.”

ಮೂರೂಕಾಲಿಗೆ ಚಿಗವ್ವನ ತಾಯಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಗಂಟು ಹೊತ್ತು ಓಣಿಗೆ ಬಂದಾಗ, ಹಳದಿ ಕಿಟಕಿಯ ನಡುವೆ ಮಗಳ ಮುಖ ಕಂಡಿತು. ಆ ಹೆಂಗಸು ಗಂಟನ್ನು ಇಳಿಸದೆ ಅಲ್ಲೇ ನಿಂತುಬಿಟ್ಟಳು. ಒಳಗೆ ಬಂದು, ನೀರು ಕುಡಿದು, ಕಣ್ಣು ಒರಸಿಕೊಂಡು, ತುಂಬು ಮನಸ್ಸಿನಿಂದ ಅಜ್ಜನನ್ನು ಕೇಳಿದಳು: “ಎಷ್ಟ ಚಂದ ಐತ್ರಿ ಬೀಗರ! ಇಂಥಾದ್ದು ನಮ್ಮ ರಾಮದುರ್ಗದಾಗ ನಾ ಎಲ್ಲೂ ನೋಡಿಲ್ಲ. ನಿಮ್ಮೂರ ಪದ್ಧತಿ ಏನ್ರಿ?”

ಚಿಗವ್ವ ಗೋಡೆಯ ಕಡೆ ತಿರುಗಿದಳು. ಅಜ್ಜಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅಜ್ಜ ಅಂಗೈಯ ಮುಳ್ಳೊಂದನ್ನು ನಿಧಾನವಾಗಿ ಕಿತ್ತು, ನೋಡಿ, ಬದಿಗಿಟ್ಟು ಹೇಳಿದ:

“ಹೂಂ ರೀ. ನಮ್ಮೂರಿಂದು. ಭಾಳ ಹಳೇ ಪದ್ಧತಿ.”

ಆ ಅಗಳಿ ಮತ್ತೆ ಬೀಳಲಿಲ್ಲ. ಬೇಸಿಗೆಯಲ್ಲಿ ಹೂವೇ ಇಲ್ಲದಾಗಲೂ ಅಜ್ಜ ಪಂಚನಾಮೆಗೆ ಬರುವುದನ್ನು ಮರೆಯತೊಡಗಿದ. ನಾನು ಮಾತ್ರ ಈ ಪದ್ಧತಿ ರಾಮದುರ್ಗ, ಮುನವಳ್ಳಿ ಎರಡಕ್ಕೂ ಸೇರಿದ್ದೆಂದು ತೀರ್ಮಾನಿಸಿಕೊಂಡೆ. ಜಗಳದ ಜಾಗವನ್ನು ಎರಡೂ ಕಡೆಯವರಿಗೆ ಬರೆದುಕೊಡುವ ಈ ಬುದ್ಧಿ ಮುಂದೆ ಸರ್ವೇ ಇಲಾಖೆಯಲ್ಲಿ ನನಗೆ ಒಳ್ಳೆಯ ಹೆಸರು ತರಲಿಲ್ಲ.

ಈಗ ತನ್ವಿ ಕಾಯುತ್ತಿದ್ದಳು. ಮುನವಳ್ಳಿಯಲ್ಲೇ ಇರುವ ಚಿಗವ್ವನಿಗೆ ಫೋನು ಹಚ್ಚಿದೆ. ಎಪ್ಪತ್ತಾರು ದಾಟಿದರೂ ಅವಳ ನಗೆಗೆ ಇನ್ನೂ ಹದಿನೆಂಟು.

“ನೀ ಇನ್ನೂ ನಂಬೀಯೇನೋ, ಹುಚ್ಚಾ? ಬಾಯಿಗೆ ಬಂದದ್ದು ಅಂದುಬಿಟ್ಟಿದ್ದೆ ನಾ. ನಿಮ್ಮಜ್ಜಿ ‘ಐತ್ರಿ’ ಅಂದಾಗ ನನಗ ಗಾಬರಿ ಆತು!”

“ಅಜ್ಜಗ ಯಾವಾಗ ಗೊತ್ತಾತು?”

“ಮೂವತ್ತು ವರ್ಷ ರಾಮದುರ್ಗದ ಅಳಿಯ ಆಗಿದ್ದವ್ರೋ ಅವ್ರು. ಮೊದಲನೇ ದಿನಾನ ಗೊತ್ತಿತ್ತು. ಆದ್ರ ಒಂದು ದಿನಾನೂ ಬಾಯಿ ಬಿಡಲಿಲ್ಲ ನೋಡು.”

ಫೋನು ಇಟ್ಟೆ. ಶಾಸ್ತ್ರಕ್ಕೆ ಬುಡವಿಲ್ಲವೆಂದು ಘೋಷಿಸಿ ಕಿಟಕಿ ಮುಚ್ಚುವುದು ನ್ಯಾಯವಾಗಿತ್ತು. ಸಂಜೆಯಾಗಿತ್ತು, ಸೊಳ್ಳೆಗಳು ಸಾಲುಗಟ್ಟಿ ಒಳಗೆ ಬರುತ್ತಿದ್ದವು, ಅವುಗಳ ಮೇಲೆ ಈ ಮನೆಯಲ್ಲಿ ಅತಿ ಹೆಚ್ಚು ಸಿಟ್ಟಿರುವವನು ನಾನೇ. ಜಾಳಿಗೆ ಹಾಕಿಸಿದವನೂ ಅದನ್ನು ಯಾರಾದರೂ ಸರಿಸಿದರೆ ಕೂಗುವವನೂ ನಾನೇ. ಅಡುಗೆಮನೆಯಿಂದ ಸೊಸೆ ಬಂದು ಜಾಳಿಗೆ ಎಳೆಯಲು ಕೈಹಾಕಿದಳು. ತನ್ವಿ ಅಡ್ಡ ನಿಂತಳು. “ಹೂ ಬಾಡೂತನಕ ಮುಚ್ಚಬಾರದು ಮಮ್ಮಿ! ಶಾಸ್ತ್ರ ಐತಿ!”

ಸೊಸೆ ಕಿತ್ತೂರಿನವಳು. ನನ್ನ ಕಡೆ ತಿರುಗಿ, “ಹೌದೇನ್ರಿ ಮಾವಾರ? ನಮ್ಮ ಕಡೆ ಕೇಳಿಲ್ಲ. ನಿಮ್ಮೂರ ಪದ್ಧತಿ ಏನ್ರಿ?” ಎಂದಳು.

ಮಗುವಿನ ಮುಖ ನೋಡಿದೆ. ಕಿವಿಯ ಹಿಂದೆ ಸೊಳ್ಳೆಯೊಂದು ಕಚ್ಚಿತು.

“ಹೂಂ,” ಎಂದೆ. “ಭಾಳ ಹಳೇ ಪದ್ಧತಿ.”

ಇಂದಿಗೆ ಏಳನೆಯ ದಿನ. ಫೋಟೊ ಯಾವಾಗಲೋ ಶಾಲೆಗೆ ಹೋಗಿದೆ, ಕಿಟಕಿ ಇನ್ನೂ ತೆರೆದಿದೆ. ಮೊದಲಿನ ಹೂ ಬಾಡಿದವು. ಬೆಳಿಗ್ಗೆ ಯಾರಿಗೂ ಹೇಳದೆ ಬಡಾವಣೆ ಮುಗಿದು ಹೊಲ ಶುರುವಾಗುವ ತನಕ ನಡೆದೆ. ಬದುವಿನಲ್ಲಿ ಗುರೆಳ್ಳು ಹೂ ಇನ್ನೂ ಉಳಿದಿದ್ದವು. ಚೀಲ ಒಯ್ದಿರಲಿಲ್ಲ. ಮಂಕಿ ಟೋಪಿ ತೆಗೆದು ಅದರಲ್ಲಿ ತುಂಬಿಕೊಂಡು, ವಾಕಿಂಗಿಗೆ ಬಂದವರ ಎದುರಿನಲ್ಲೇ ಹಾಗೇ ವಾಪಸು ಬಂದೆ. ಬೋಳು ತಲೆಗೆ ನಸುಕಿನ ಗಾಳಿ ಎಷ್ಟು ತಂಪಾಗಿ ತಾಗುತ್ತದೆ ಗೊತ್ತೇ? ಅಜ್ಜನಿಗೂ ತಾಗಿರಬೇಕು. ಹೇಳಲಿಲ್ಲ, ಅಷ್ಟೆ.