ಟಿಕೆಟ್ಟಿನ ಮೇಲೆ ಕಾರವಾರ

ದೆಹಲಿಯಿಂದ ಕಾರವಾರಕ್ಕೆ ಹೋಗುವುದು ಹೇಗೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಆದರೂ ಆ ಬೇಸಿಗೆಯಲ್ಲಿ ಎಲ್ಲರೂ ಹೇಳಿದರು. ಆಫೀಸಿನ ಪಕ್ಕದ ಮೇಜಿನಾಕೆ ಗೋವಾಕ್ಕೆ ವಿಮಾನ ಹಿಡಿ, ಅಲ್ಲಿಂದ ಟ್ಯಾಕ್ಸಿ ಮಾಡು ಎಂದಳು. ಜನಕಪುರಿಯ ನಮ್ಮ ಕೆಳಗಿನ ಮನೆಯ ಪಂಜಾಬಿ ಆಂಟಿ, ಕಾರವಾರ ಯಾವ ದಿಕ್ಕಿಗಿದೆ ಎಂದೇ ತಿಳಿಯದವರು, "ಬೇಟಾ, ಫ್ಲೈಟ್ ಹೀ ಲೇನಾ" ಎಂದು ತೀರ್ಪು ಕೊಟ್ಟರು. ನನ್ನ ಗಂಡನದು ಮಾತ್ರ ಸಲಹೆಯಲ್ಲ, ಮನೆಯ ಪದ್ಧತಿ: ಹುಬ್ಬಳ್ಳಿಗೆ ವಿಮಾನ, ಅಲ್ಲಿಂದ ಘಟ್ಟ ಇಳಿಯುವ ಬಸ್ಸು.

"ಮುಂಜಾನೆ ಇಮಾನ ಹತ್ತಿದ್ರ ಮಧ್ಯಾಹ್ನ ಮನ್ಯಾಗ ಊಟ," ಎಂದರು. ಇಷ್ಟು ವರ್ಷ ದೆಹಲಿಯ ನೀರು ಕುಡಿದರೂ ಅವರ ಹುಬ್ಬಳ್ಳಿ ಮಾತು ಹಾಗೇ ಇದೆ.

"ಯಾರ ಮನೆಯಲ್ಲಿ?" ಎಂದೆ.

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಮದುವೆಯಾದಾಗಿನಿಂದ ನನ್ನ ರಜೆಯೆಲ್ಲ ಇದೇ ದಾರಿಯಲ್ಲಿ ಕರಗಿದೆ. ಹುಬ್ಬಳ್ಳಿಯಲ್ಲಿ ಇಳಿದರೆ ಅತ್ತೆಯ ಮನೆ, ಮೈದುನನ ಮನೆ, ನಾದಿನಿಯ ಮನೆ, ನಾದಿನಿಯ ಅತ್ತೆಯ ಮನೆ. ಪಾಪ, ಕೆಟ್ಟವರಲ್ಲ, ರೊಟ್ಟಿ ಬಡಿದು ಬಡಿದು ಹಾಕುತ್ತಾರೆ. ಎಲ್ಲ ಮುಗಿದು ಉಳಿದ ಎರಡು ದಿನ ಕಾರವಾರಕ್ಕೆ. ಆ ಸಲ ನನ್ನ ತಲೆ ಕೆಟ್ಟಿದ್ದು ಮಗಳ ಮಾತಿನಿಂದ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕಾಲೇಜು ಓದುತ್ತಾಳೆ. "ಅಮ್ಮಾ, ಈ ಸಲ ಊರಲ್ಲಿ ಕಿತ್ನೇ ದಿನ್, ಬೀಚಲ್ಲಿ ಕಿತ್ನೇ ದಿನ್?" ಎಂದು ದಿನಗಳ ಲೆಕ್ಕ ಕೇಳಿದಳು.

ಊರು ಎಂದರೆ ಹುಬ್ಬಳ್ಳಿ. ಬೀಚ್ ಎಂದರೆ ನಾನು ಹುಟ್ಟಿದ ಊರು, ನನ್ನ ತಾಯಿ ಇರುವ ಮನೆ. ಅವಳದೇನು ತಪ್ಪು? ಎರಡು ದಿನ ಕಾಲು ತೋಯಿಸಿಕೊಂಡು ಬರುವ ಜಾಗವನ್ನು ಬೀಚ್ ಎನ್ನದೆ ಇನ್ನೇನನ್ನಬೇಕು? ಆದರೆ ನನಗೆ ಉರಿದುಹೋಯಿತು.

ರೈಲಿನಲ್ಲಿ ಹೋಗುತ್ತೇನೆ ಎಂದೆ. ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಹತ್ತಿದರೆ ಕೊಂಕಣದ ಹಳಿ ಹಿಡಿದು ಸೀದಾ ಕಾರವಾರ. ಹುಬ್ಬಳ್ಳಿ ಆ ದಾರಿಯಲ್ಲಿ ಇಲ್ಲವೇ ಇಲ್ಲ.

"ಅಷ್ಟೊತ್ತು ರೈಲಿನ್ಯಾಗ? ಸೊಂಟಾ ಹೋಗ್ತದ ನೋಡು."

"ಸೊಂಟ ನನ್ನದು."

"ಹಂಗಾರ ಇಮಾನದಾಗ ಗೋವಾಕ್ಕರ ಇಳಿ."

ಅದೂ ಆಗದು. ಗೋವಾದಲ್ಲಿ ಇಳಿದರೆ ಸೊಸೆ ಗೋವಾಕ್ಕೆ ಮಜಾ ಮಾಡಲು ಹೋದಳಂತೆ ಎಂದು ಹುಬ್ಬಳ್ಳಿಯಲ್ಲಿ ಮಾತಾಗುತ್ತದೆ. ದೆಹಲಿಯಿಂದ ಕಾರವಾರ ಎಂದು ಒಂದೇ ಟಿಕೆಟ್ಟಿನ ಮೇಲೆ ಅಚ್ಚಾಗಿ ಬರುವುದು ರೈಲಿನಲ್ಲಿ ಮಾತ್ರ. ನನಗೆ ಅದೇ ಬೇಕಿತ್ತು.

"ಅವ್ವ ಏನಂತಾಳ?" ಎಂದು ಅವರು ಕೊನೆಯ ಬಾಣ ಬಿಟ್ಟರು.

"ಮಗ ಬಂದ ಅಂತ ಖುಷಿಪಡ್ತಾರೆ. ನೀವು ವಿಮಾನದಲ್ಲೇ ಹೋಗಿ, ಬಿಸಿ ಊಟ ಮಾಡಿ. ನಾನು ರಜೆ ಪೂರ್ತಿ ನಮ್ಮಮ್ಮನ ಮನೆಯಲ್ಲಿರ್ತೀನಿ."

ನಾಲ್ಕು ದಿನ ಮನೆಯಲ್ಲಿ ಮಾತಿರಲಿಲ್ಲ, ಪ್ರೆಷರ್ ಕುಕ್ಕರ್ ಒಂದೇ ಕೂಗುತ್ತಿತ್ತು. ನಾನು ಬಗ್ಗಲಿಲ್ಲ. ಮಗಳು ಮೊದಲು "ಪಾಗಲ್ ಹೋ ಕ್ಯಾ" ಎಂದಳು. ಆಮೇಲೆ, ಅಪ್ಪನ ಜೊತೆ ಹೋದರೆ ಎಲ್ಲರೂ ಮದುವೆ ಯಾವಾಗ ಎಂದು ಕೇಳುತ್ತಾರೆಂದು ಲೆಕ್ಕ ಹಾಕಿ, ನನ್ನ ಜೊತೆ ಬಂದಳು.

ದೆಹಲಿ ಬಿಟ್ಟ ಮರುದಿನ ಸಂಜೆ ರೈಲು ಕಾರವಾರದ ಹತ್ತಿರ ಕಾಳಿ ನದಿಯ ಸೇತುವೆ ದಾಟುವಾಗ ನಾನು ಬಾಗಿಲ ಬಳಿ ನಿಂತಿದ್ದೆ. ಸೊಂಟ ನಿಜಕ್ಕೂ ಹಿಡಿದುಕೊಂಡಿತ್ತು. ಗಂಡನಿಗೆ ಇವತ್ತಿನವರೆಗೂ ಹೇಳಿಲ್ಲ.

ತಾಯಿಯನ್ನು ನಾವು ಆಯಿ ಎನ್ನುತ್ತೇವೆ. ಬಂದ ಮರುದಿನ ಮಧ್ಯಾಹ್ನದೊಳಗೆ ಆಯಿ ಹಲಸಿನ ಕಡುಬು, ಮಾವಿನ ಸಾಸಿವೆ, ಬಸಳೆ ಹುಳಿ ಎಲ್ಲ ಒಟ್ಟಿಗೇ ಮಾಡಿ ಬಡಿಸಿದಳು. ಸಂಜೆ ನೋಡಿದರೆ ಹಪ್ಪಳ, ಕೋಕಂ ಸಿಪ್ಪೆಯ ಪೊಟ್ಟಣ ಕಟ್ಟುತ್ತಾ ಕೂತಿದ್ದಾಳೆ.

"ಇದೇನಾಯಿ?"

"ನಾಳೆ ಹೊರಡೂದಲ್ದಾ?"

ರಜೆ ಮುಗಿಯುವ ತನಕ ಇರುತ್ತೇನೆಂದು ಫೋನಿನಲ್ಲಿ ಹೇಳಿದ್ದೆ. ಅವಳು ನಂಬಿರಲೇ ಇಲ್ಲ. ಈಗ ಮತ್ತೆ ಹೇಳಿದೆ. ದಾರವನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ನನ್ನ ಮುಖ ನೋಡಿದಳು.

"ಹಾಗಾದ್ರೆ ನಿಂಗೆ ಬೈಬಹುದು," ಎಂದಳು. "ಎರಡು ದಿನಕ್ಕೆ ಬರುವವ್ಳಿಗೆ ಬೈದು ಕಳಿಸೂದು ಹೇಗೆ ಅಂತ ಇಷ್ಟು ವರ್ಷ ಸುಮ್ಮನಿದ್ದೆ."

ಶುರುವಾಯಿತು. ನಾನು ಫೋನು ಮಾಡದ ವಾರಗಳು, ಬಣ್ಣ ಹಚ್ಚಿ ಹಾಳುಮಾಡಿಕೊಂಡ ಕೂದಲು, ಮಗಳಿಗೆ ನೆಟ್ಟಗೆ ಕನ್ನಡ ಕಲಿಸದೇ ಇದ್ದದ್ದು, ತಮ್ಮನ ಮದುವೆಗೆ ಹಿಂದಿನ ದಿನ ಬಂದು ಮುಖ ತೋರಿಸಿದ್ದು. ನಾನು ಗೋಡೆಗೊರಗಿ ಕೇಳುತ್ತಿದ್ದೆ. ನಾನು ಹುಟ್ಟಿದ ಮನೆಯಲ್ಲಿ ಇಷ್ಟು ವರ್ಷ ನನ್ನನ್ನು ನೆಂಟರ ಸಾಲಿನಲ್ಲಿ ಕೂರಿಸಿ ಉಪಚಾರ ಮಾಡಿದ್ದರು. ಸಂಕಟವಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಆದರೆ ನಾನು ಸುಮ್ಮನೆ ಬೈಸಿಕೊಳ್ಳುವವಳಲ್ಲ. ತಮ್ಮನ ಮದುವೆಯ ಮಾತು ಎರಡನೇ ಸಲ ಬಂದಾಗ ನೆಟ್ಟಗೆ ಕೂತು ಮಾತಿಗೆ ಮಾತು ಕೊಟ್ಟೆ. ಆಯಿ ಪೊಟ್ಟಣವನ್ನು ಅತ್ತ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.